ಮರಾಠಿಯಲ್ಲಿ ಹಾಡು, ಕನ್ನಡದಲ್ಲಿ ಪ್ರಾರ್ಥನೆ: ಚಿಕ್ಕೋಡಿ ಸೀಮೆಯ ಕ್ರೈಸ್ತ ಸಭೆಗಳು

ಚಿಕ್ಕೋಡಿ ತಾಲ್ಲೂಕಿನ ಒಂದು ಹಳ್ಳಿಯ ಚರ್ಚಿನಲ್ಲಿ ಭಾನುವಾರದ ಆರಾಧನೆಗೆ ಕೂತಿದ್ದೆ. ಚರ್ಚೆಂದರೆ ಕೇರಿಯ ಕೊನೆಯಲ್ಲಿರುವ ಹಂಚಿನ ಕಟ್ಟಡ; ಒಳಗೆ ಚಾಪೆ, ಒಂದು ಡೋಲಕ್ಕು, ಎರಡು ಜೋಡಿ ತಾಳ. ಹಾಡು ಮರಾಠಿಯಲ್ಲಿ ಶುರುವಾಯಿತು. ಪಂಢರಪುರಕ್ಕೆ ಹೋಗುವ ದಿಂಡಿಯಲ್ಲಿ ಕೇಳುವ ಅಭಂಗದ ಧಾಟಿಯೇ. ಹೆಸರು ಮಾತ್ರ ವಿಠ್ಠಲನದಲ್ಲ, ಯೇಸುವಿನದು. ಹಾಡು ಮುಗಿದ ಮೇಲೆ ಹಿರಿಯರೊಬ್ಬರು ಎದ್ದುನಿಂತು ಕನ್ನಡದಲ್ಲಿ ಪ್ರಾರ್ಥಿಸಿದರು. ಮಳೆಗಾಗಿ, ಕೇರಿಯ ಬಾಣಂತಿಗಾಗಿ, ಪುಣೆಗೆ ದುಡಿಯಲು ಹೋದ ಹುಡುಗರಿಗಾಗಿ.

ಆಮೇಲೆ ಚಹಾ ಕುಡಿಯುವಾಗ ಕೇಳಿದೆ: "ಅಜ್ಜಾರ, ಹಾಡು ಯಾಕ ಮರಾಠ್ಯಾಗ?"

"ಹಾಡು ಕೊಲ್ಹಾಪುರ ಕಡಿಂದ ಬಂದಾವು, ಪಾಳಕರು ಬೆಳಗಾವಿ ಕಡಿಂದ ಬರತಾರ. ನಾವು ಎಲ್ಲಿಂದಾನೂ ಬಂದಿಲ್ಲ ತಮ್ಮಾ, ಇಲ್ಲೇ ಇದ್ದವರು."

ನನ್ನ ಸಂಶೋಧನೆಯ ದಾರಿಯನ್ನು ಬದಲಿಸಿದ್ದು ಈ ಮಾತು. ಅಲ್ಲಿಯವರೆಗೆ ನಾನು ಯಾವ ಮಿಷನರಿ ಯಾವಾಗ ಬಂದ ಎಂಬುದನ್ನೇ ಸಭೆಯ ಚರಿತ್ರೆ ಎಂದುಕೊಂಡಿದ್ದೆ.

ಬಂದವರ ಕತೆಯನ್ನು ಮೊದಲು ಹೇಳಿಬಿಡುತ್ತೇನೆ. ಲಂಡನ್ ಮಿಷನರಿ ಸೊಸೈಟಿ 1810ರಲ್ಲಿ ಬಳ್ಳಾರಿಯಲ್ಲಿ ನೆಲೆಯೂರಿತು. ಅಲ್ಲಿಂದ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಗೆ ಬಂದರು. ಪೇಶ್ವೆಗಳ ಆಳ್ವಿಕೆ ಮುಗಿದು ಎರಡೇ ವರ್ಷವಾಗಿತ್ತು. ಬೆಳಗಾವಿ ದಂಡಿನ ಊರಾಗುತ್ತಿತ್ತು. ಟೇಲರ್ ನಂತರ ವಿಲಿಯಂ ಬೆನನ್ ಸೇರಿಕೊಂಡರು. ಬೆಳಗಾವಿಯ ಬೆನನ್ ಸ್ಮಿತ್ ಹೈಸ್ಕೂಲಿನ ಹೆಸರಿನಲ್ಲಿ ಅವರು ಇನ್ನೂ ಇದ್ದಾರೆ. ಆದರೆ ಶಾಲೆ ಬೆಳೆದಷ್ಟು ಸಭೆ ಬೆಳೆಯಲಿಲ್ಲ. ಎಂಟು ದಶಕಗಳ ಕೆಲಸದ ನಂತರ, 1904ರಲ್ಲಿ, ಲಂಡನ್ ಮಿಷನ್ ಬೆಳಗಾವಿಯನ್ನು ಅಮೆರಿಕದ ಮೆಥಡಿಸ್ಟರಿಗೆ ಒಪ್ಪಿಸಿ ಹೊರಟಿತು.

ಇತ್ತ ಉತ್ತರಕ್ಕೆ ರಾಯಲ್ ಗೌಲ್ಡ್ ವೈಲ್ಡರ್ 1852ರಲ್ಲಿ ಕೊಲ್ಹಾಪುರದಲ್ಲಿ ನೆಲೆಸಿದ್ದರು. ಅವರು ಕಟ್ಟಿದ ಮಿಷನ್ 1870ರಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ನರ ಕೈಸೇರಿತು. ಅದೇ ಮಿಷನ್ನಿನ ಡಾಕ್ಟರ್ ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದರು. ಅಥಣಿ, ಕಾಗವಾಡ, ರಾಯಬಾಗದ ಹಳೆಯ ತಲೆಮಾರು ಇವತ್ತಿಗೂ "ಮಿಷನ್ ದವಾಖಾನಿ" ಎಂದರೆ ಅದೇ. ದಕ್ಷಿಣಕ್ಕೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಬಾಸೆಲ್ ಮಿಷನ್ ಇತ್ತು. ಒಬ್ಬರ ಸೀಮೆಯಲ್ಲಿ ಇನ್ನೊಬ್ಬರು ಕೈಹಾಕಬಾರದು ಎಂಬುದು ಮಿಷನ್‌ಗಳ ನಡುವಿನ ಒಪ್ಪಂದವಾಗಿತ್ತು.

ಆದರೆ ಚಿಕ್ಕೋಡಿಯ ಸೀಮೆ ಇಂಥ ಒಪ್ಪಂದಕ್ಕೆ ಸುಲಭವಾಗಿ ಒಗ್ಗುವಂಥದ್ದಲ್ಲ. ಚಿಕ್ಕೋಡಿ, ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗ 1949ರ ವಿಲೀನದವರೆಗೂ ಕೊಲ್ಹಾಪುರ ಸಂಸ್ಥಾನದ್ದು. ನಿಪ್ಪಾಣಿಗೆ ಬೆಳಗಾವಿಗಿಂತ ಕೊಲ್ಹಾಪುರ ಹತ್ತಿರ. ಕಾಗವಾಡಕ್ಕೆ ಮಿರಜವೇ ಪೇಟೆ. ರೈಲು ಬಂದ ಮೇಲಂತೂ ಶೇಡಬಾಳ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ಸ್ಟೇಷನ್ನುಗಳಲ್ಲಿ ಹತ್ತಿದವರು ಎರಡೂ ಕಡೆ ಹೋಗಬಹುದಾಗಿತ್ತು. ಜನ ಕಾಯಿಲೆಗೆ ಮಿರಜಕ್ಕೆ ಹೋದರು, ಕೋರ್ಟು ಕಚೇರಿಗೆ ಬೆಳಗಾವಿಗೆ ಹೋದರು. ನಾರಾಯಣ ವಾಮನ ಟಿಳಕರಂಥ ಮರಾಠಿ ಕವಿಗಳು ಯೇಸುವನ್ನು ಅಭಂಗಕ್ಕೆ ತಂದಿದ್ದರು. ಭಜನೆ ಗೊತ್ತಿದ್ದ ಕೇರಿಗೆ ಆ ಧಾಟಿಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಮಿಷನ್ನಿನ ವರದಿಗಳು ಬೆಳಗಾವಿ, ಕೊಲ್ಹಾಪುರ, ಮಿರಜ ಎಂದು ಠಾಣೆಗಳ ಹೆಸರಿನಲ್ಲಿ ಬರೆಯಲ್ಪಟ್ಟವು. ನಡುವಿನ ಕೇರಿಗಳು ಎರಡು ವರದಿಗಳ ಅಂಚಿನಲ್ಲಿ ಉಳಿದವು.

ಇನ್ನು ಇಲ್ಲೇ ಇದ್ದವರ ಕತೆ. ಇಪ್ಪತ್ತನೆಯ ಶತಮಾನದಲ್ಲಿ ಮೆಥಡಿಸ್ಟ್ ಸಭೆ ಹಳ್ಳಿಗಳಲ್ಲಿ ಬೇರುಬಿಟ್ಟದ್ದು ದಲಿತ ಕೇರಿಗಳಿಂದ. ಅದು ಒಬ್ಬಿಬ್ಬರ ಮತಾಂತರವಲ್ಲ. ಕೇರಿಯ ಹಿರಿಯರು ಕೂತು ಮಾತಾಡಿ, ಮನೆತನಗಳು ಒಟ್ಟಾಗಿ ದೀಕ್ಷಾಸ್ನಾನ ಪಡೆಯುವ ರೀತಿ. ಸತ್ತ ದನದ ಮಾಂಸ ಬಿಡಬೇಕು ಎಂಬುದು ಆ ಕಾಲದ ಮಿಷನ್‌ಗಳು ಸಾಮಾನ್ಯವಾಗಿ ಹಾಕುತ್ತಿದ್ದ ಷರತ್ತು. ಬದಲಿಗೆ ಸಿಕ್ಕಿದ್ದು ಅಕ್ಷರ ಮತ್ತು ಕೂತು ಹಾಡಲು ಒಂದು ಸೂರು. ಆದರೆ ವತನದ ಬಿಟ್ಟಿಚಾಕರಿ ದೀಕ್ಷಾಸ್ನಾನದಿಂದ ತೊಳೆದುಹೋಗುವಂಥದ್ದಾಗಿರಲಿಲ್ಲ. ಊರಗೌಡನ ಕಣ್ಣಿಗೆ ಅವರು ಹಳೆಯ ಕೇರಿಯವರೇ.

ಅದೇ ಕೇರಿಗಳಿಗೆ ಇನ್ನೊಂದು ದನಿಯೂ ಕೇಳಿಸುತ್ತಿತ್ತು. 1920ರ ಮಾರ್ಚಿನಲ್ಲಿ ನಿಪ್ಪಾಣಿಯಿಂದ ದೂರವಿಲ್ಲದ ಮಾಣಗಾವಿನಲ್ಲಿ ಶಾಹೂ ಮಹಾರಾಜರು ತರುಣ ಅಂಬೇಡ್ಕರರನ್ನು ಜನರ ಮುಂದೆ ನಿಲ್ಲಿಸಿ, ಇವರೇ ನಿಮ್ಮ ನಾಯಕ ಎಂದರು. 1925ರ ಏಪ್ರಿಲ್‌ನಲ್ಲಿ ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ನಿಪ್ಪಾಣಿಯಲ್ಲೇ ಬಹಿಷ್ಕೃತರ ಪರಿಷತ್ತು ಸೇರಿತು. ಎರಡು ವರ್ಷದ ನಂತರ ಮಹಾಡದಲ್ಲಿ ಅವರು ಕೊಟ್ಟ ಕರೆಗಳಲ್ಲಿ ಸತ್ತ ದನದ ಮಾಂಸ ಬಿಡಿ ಎಂಬುದೂ ಒಂದು. ಪಾಳಕರು ಹೇಳಿದ್ದನ್ನೇ ಇನ್ನೊಂದು ವೇದಿಕೆ ಹೇಳುತ್ತಿತ್ತು, ಆದರೆ ಹಕ್ಕಿನ ಭಾಷೆಯಲ್ಲಿ. 1956ರ ಅಕ್ಟೋಬರ್ 14ರಂದು ಅಂಬೇಡ್ಕರರು ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದ ಮೇಲೆ ಈ ಸೀಮೆಯ ಮನೆತನಗಳ ಮುಂದೆ ಮೂರನೆಯ ದಾರಿಯೂ ತೆರೆದಿತ್ತು. ಕಾಂಬಳೆ ಎಂಬ ಅಡ್ಡಹೆಸರು ಇಲ್ಲಿ ಚರ್ಚಿನಲ್ಲೂ ಸಿಗುತ್ತದೆ, ಬುದ್ಧವಿಹಾರದಲ್ಲೂ ಸಿಗುತ್ತದೆ, ಮರಗವ್ವನ ಗುಡಿಯ ಮುಂದೆಯೂ ಸಿಗುತ್ತದೆ.

ಕೇರಿ ಒಂದೇ ಆದರೂ ಕಾಗದ ಅದನ್ನು ಬೇರೆ ಮಾಡಿತು. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು, ಕ್ರೈಸ್ತರು ಹೊರಗುಳಿದರು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಬರುತ್ತಾರೆ. ಹೀಗಾಗಿ ಗೋಡೆಗೆ ಗೋಡೆ ತಾಗಿದ ಎರಡು ಮನೆಗಳ ಅಣ್ಣತಮ್ಮಂದಿರ ಮಕ್ಕಳು ಶಾಲೆಯ ಅರ್ಜಿಯಲ್ಲಿ ಬೇರೆ ಬೇರೆ ಕಾಲಂ ತುಂಬುತ್ತಾರೆ. ಚಾಪೆಯ ಮೇಲೆ ಒಂದು ಹೆಸರು, ಸರ್ಟಿಫಿಕೇಟಿನಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡವರನ್ನು ಸುಳ್ಳುಗಾರರು ಎನ್ನುವುದು ಸುಲಭ. ಹೆಸರು ಬದಲಾದರೂ ಬಾವಿಕಟ್ಟೆಯಲ್ಲಿ ಏನೂ ಬದಲಾಗದಿದ್ದಾಗ ಸುಳ್ಳು ಹೇಳಿದ್ದು ಯಾರು ಎಂದು ಕೇಳುವುದು ಕಷ್ಟ. ಈ ಪ್ರಶ್ನೆಯನ್ನು ಪರಿಶೀಲಿಸಲು 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ರಚನೆಯಾಯಿತು.

ಸಭೆಗಳ ಗಡಿಯೂ ರಾಜ್ಯಗಳ ಗಡಿಯಂತೆಯೇ ಉಳಿಯಿತು. ಧಾರವಾಡದ ಕಡೆಯ ಬಾಸೆಲ್ ಸಭೆಗಳು ಮುಂದೆ ದಕ್ಷಿಣ ಭಾರತ ಸಭೆ ಸೇರಿದವು. ಕೊಲ್ಹಾಪುರದವರು 1970ರಲ್ಲಿ ಉತ್ತರ ಭಾರತ ಸಭೆಯವರಾದರು. ಮೆಥಡಿಸ್ಟರು ಕೊನೆಗಳಿಗೆಯಲ್ಲಿ ಆ ಐಕ್ಯದಿಂದ ಹಿಂದೆ ಸರಿದು 1981ರಲ್ಲಿ ತಮ್ಮದೇ ಸ್ವತಂತ್ರ ಸಭೆ ಮಾಡಿಕೊಂಡರು. ಅದಕ್ಕೂ ಮೊದಲೇ, 1967ರಲ್ಲಿ, ಮಹಾಜನ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಬಹುದು ಎಂದಿತ್ತು. ನಿಪ್ಪಾಣಿ ಇಲ್ಲೇ ಉಳಿಯಿತು, ಜಗಳವೂ ಉಳಿಯಿತು. ಗಡಿ ಹೋರಾಟದ ದಿನಗಳಲ್ಲಿ ಬೋರ್ಡಿನ ಭಾಷೆಗೆ ಬಸ್ಸಿನ ಗಾಜು ಒಡೆಯುವ ಈ ಸೀಮೆಯಲ್ಲಿ, ಆ ಹಂಚಿನ ಕಟ್ಟಡದೊಳಗೆ ಎರಡು ಭಾಷೆಗಳು ಒಂದೇ ಚಾಪೆಯ ಮೇಲೆ ಕೂತಿವೆ.

ಹೊರಡುವಾಗ ಅಜ್ಜ ತಮ್ಮ ಹಾಡಿನ ಪುಸ್ತಕ ತೋರಿಸಿದರು. ಹಾಳೆಗಳು ಮರಾಠಿಯಲ್ಲಿ ಅಚ್ಚಾಗಿದ್ದವು. ಅಂಚಿನಲ್ಲಿ, ನಾಗರಿ ಓದಲು ಬಾರದ ಹೆಂಡತಿಗಾಗಿ, ಪ್ರತಿ ಹಾಡಿನ ಸಾಲುಗಳನ್ನೂ ಅವರೇ ಕನ್ನಡ ಅಕ್ಷರಗಳಲ್ಲಿ ಪೆನ್ಸಿಲಿನಿಂದ ಬರೆದಿದ್ದರು. ಯಾವ ಠಾಣೆಯ ವರದಿಯಲ್ಲೂ ಇಲ್ಲದ ಈ ಸಭೆಯ ಚರಿತ್ರೆಯನ್ನು ನಾನು ಆ ಅಂಚಿನಿಂದಲೇ ಓದಲು ಶುರುಮಾಡಿದ್ದೇನೆ.