ಮಾಂಟೆರೆ ಸೈಪ್ರೆಸ್: ಗುರುತು ಮತ್ತು ಸಹಜ ನೆಲೆ

ಮಾಂಟೆರೆ ಸೈಪ್ರೆಸ್ (ಹೆಸ್ಪೆರೊಸೈಪರಿಸ್ ಮ್ಯಾಕ್ರೊಕಾರ್ಪ) ಕ್ಯಾಲಿಫೋರ್ನಿಯದ ಮಧ್ಯ ಕರಾವಳಿಗೆ ಸೇರಿದ ನಿತ್ಯಹರಿದ್ವರ್ಣದ ಶಂಕುಧಾರಿ ಮರ. ಜರ್ಮನ್ ಸಸ್ಯಸಂಗ್ರಾಹಕ ಕಾರ್ಲ್ ಥಿಯೊಡೋರ್ ಹಾರ್ಟ್‌ವೆಗ್ 1846ರಲ್ಲಿ ಮಾಂಟೆರೆ ಪ್ರದೇಶದಲ್ಲಿ ಇದನ್ನು ಸಂಗ್ರಹಿಸಿದ. ದೀರ್ಘಕಾಲ ಕ್ಯುಪ್ರೆಸಸ್ ಕುಲದಲ್ಲಿದ್ದ ಈ ಪ್ರಭೇದವನ್ನು 2009ರಲ್ಲಿ ಈಗಿನ ಕುಲಕ್ಕೆ ವರ್ಗಾಯಿಸಲಾಯಿತು.

ಆಕಾರವೊಂದನ್ನೇ ನೋಡಿ ಈ ಮರವನ್ನು ಗುರುತಿಸಲಾಗದು. ಎಳೆಯ ಮರ ಶಂಕುವಿನಂತೆ ನೆಟ್ಟಗೆ ಬೆಳೆಯುತ್ತದೆ. ವಯಸ್ಸಾದಂತೆ ನೆತ್ತಿ ಚಪ್ಪಟೆಯಾಗಿ ಹರಡುತ್ತದೆ. ಕಡಲಂಚಿನಲ್ಲಿ ಉಪ್ಪುಗಾಳಿಯು ಗಾಳಿಗೆದುರಾದ ಮೊಗ್ಗುಗಳನ್ನು ಸುಡುವುದರಿಂದ ಕೊಂಬೆಗಳು ಒಳನಾಡಿನ ಕಡೆಗಷ್ಟೇ ಚಾಚಿಕೊಳ್ಳುತ್ತವೆ. ಆಸರೆಯಿರುವ ತೋಟದಲ್ಲಿ ಇದೇ ಮರ ಎತ್ತರವಾಗಿ, ದಟ್ಟವಾಗಿ ಬೆಳೆಯುತ್ತದೆ.

ನಂಬಬಹುದಾದ ಲಕ್ಷಣಗಳು ರೆಂಬೆ ಮತ್ತು ಕಾಯಿಗಳಲ್ಲಿವೆ. ಹುರುಪೆಯಂಥ ಪುಟ್ಟ ಎಲೆಗಳು ಎದುರುಬದುರು ಜೋಡಿಗಳಾಗಿ ಕಡ್ಡಿಗೆ ಒತ್ತಿಕೊಂಡಿರುತ್ತವೆ. ಕಿರುರೆಂಬೆಗಳು ಥೂಜಾ ಗಿಡದಲ್ಲಿರುವಂತೆ ಒಂದೇ ಸಮತಲದಲ್ಲಿ ಹರಡದೆ ಎಲ್ಲ ದಿಕ್ಕುಗಳಿಗೂ ಕವಲೊಡೆಯುತ್ತವೆ. ಎಲೆಯನ್ನು ಹೊಸಕಿದರೆ ನಿಂಬೆಯ ಪರಿಮಳ ಬರುತ್ತದೆ. ಅರಿಜೋನ ಸೈಪ್ರೆಸ್‌ನ ನೀಲಿ ಛಾಯೆಯಾಗಲಿ, ಎಲೆಬೆನ್ನಿನ ಎದ್ದುಕಾಣುವ ರಾಳದ ಗ್ರಂಥಿಯಾಗಲಿ ಇದರಲ್ಲಿಲ್ಲ. ಹೆಣ್ಣು ಶಂಕು (ಬೀಜ ಹೊರುವ ಕಾಯಿ) ದುಂಡಗಿದ್ದು, ಸುಮಾರು 2.5–4 ಸೆಂ.ಮೀ. ಉದ್ದವಿರುತ್ತದೆ. ಗುರಾಣಿಯಾಕಾರದ 8–12 ಹುರುಪೆಗಳಿಂದ ಕೂಡಿದ ಅದು ಎರಡನೆಯ ವರ್ಷ ಬಲಿಯುತ್ತದೆ. ಅದೇ ಪ್ರದೇಶದ ಗೋವೆನ್ ಸೈಪ್ರೆಸ್‌ನಿಂದ ಇದನ್ನು ಬೇರ್ಪಡಿಸಲು ಶಂಕುವಿನ ಗಾತ್ರವೇ ಮುಖ್ಯ ಆಧಾರ: ಗೋವೆನ್ ಶಂಕುಗಳು ಸಾಮಾನ್ಯವಾಗಿ 2 ಸೆಂ.ಮೀ. ಆಸುಪಾಸಿನವು. ಆ ಮರ ಬೆಳೆಯುವುದೂ ಕಡಲಂಚಿನಿಂದ ತುಸು ಒಳಗೆ, ನಿಸ್ಸಾರವಾದ ಆಮ್ಲೀಯ ಮಣ್ಣಿನಲ್ಲಿ.

ಮಾಂಟೆರೆ ಸೈಪ್ರೆಸ್‌ನ ಸಹಜ ತೋಪುಗಳು ಉಳಿದಿರುವುದು ಎರಡೇ. ಕಾರ್ಮೆಲ್ ಕೊಲ್ಲಿಯ ಉತ್ತರಕ್ಕೆ ಸೈಪ್ರೆಸ್ ಪಾಯಿಂಟ್, ದಕ್ಷಿಣಕ್ಕೆ ಪಾಯಿಂಟ್ ಲೋಬೊಸ್. ಎರಡೂ ಗ್ರಾನೈಟ್ ಜಾತಿಯ ಬಂಡೆಯ ಭೂಶಿರಗಳು. ಮಳೆ ಬಹುಪಾಲು ಚಳಿಗಾಲದ್ದು. ಒಣ ಬೇಸಿಗೆಯಲ್ಲಿ ಕಡಲ ಮಂಜು ಬಿಸಿಲನ್ನು ತಗ್ಗಿಸಿ, ಎಲೆಗಳ ಮೇಲೆ ಹನಿಗಟ್ಟಿ ನೆಲಕ್ಕೆ ತೇವ ಒದಗಿಸುತ್ತದೆ. ಪಾಯಿಂಟ್ ಲೋಬೊಸ್‌ನಲ್ಲಿ ಒಣಗಿದ ಕೆಳಕೊಂಬೆಗಳನ್ನು ಆವರಿಸಿರುವ ಕಿತ್ತಳೆ ಬಣ್ಣದ ಟ್ರೆಂಟಿಪೋಲಿಯ ಪಾಚಿ ಈ ತೇವವನ್ನು ಆಶ್ರಯಿಸಿದೆ.

ಗಾಳಿತಡೆಗಾಗಿ ನೆಟ್ಟ ಈ ಮರ ನ್ಯೂಜಿಲೆಂಡ್ ಮುಂತಾದೆಡೆ ವ್ಯಾಪಕವಾಗಿದೆ. ಆದರೆ ಕಡಲಿನ ತಂಪಿನಿಂದ ದೂರವಾದ ಬಿಸಿ ಒಳನಾಡಿನಲ್ಲಿ ಸೈರಿಡಿಯಂ ಶಿಲೀಂಧ್ರದ ಕ್ಯಾಂಕರ್ ರೋಗ ಇದನ್ನು ಬಲಿ ತೆಗೆದುಕೊಳ್ಳುತ್ತದೆ. ಆದುದರಿಂದ ನೆಟ್ಟ ಮರಗಳು ಹೆಚ್ಚಿದ ಮಾತ್ರಕ್ಕೆ ಪ್ರಭೇದ ಸುರಕ್ಷಿತವೆನ್ನಲಾಗದು. ಅದರ ವನ್ಯ ಆನುವಂಶಿಕ ಸಂಪತ್ತು ಆ ಎರಡು ಭೂಶಿರಗಳಲ್ಲಿದೆ. ಅವುಗಳನ್ನು ಕಾಯುವುದೇ ಸಂರಕ್ಷಣೆಯ ಮೊದಲ ಹೊಣೆ.