ಇದ್ದಿಲಿನ ಪುನರುಜ್ಜೀವನವೂ ಹಟ್ಟಿಯ ಚಿನ್ನವೂ

ಪಾಮನಕಲ್ಲೂರು, ಮಸ್ಕಿ, ಲಿಂಗಸುಗೂರುಗಳನ್ನು ಒಳಗೊಂಡ ಎಡೆದೊರೆ ನಾಡಿಗೂ ಚಿನ್ನಕ್ಕೂ ಇರುವ ಸಂಬಂಧವು ಅತಿ ಪ್ರಾಚೀನವಾದುದು. ಹಟ್ಟಿಯಲ್ಲಿ ಹಿಂದಿನವರು ಸುಮಾರು 640 ಅಡಿಗಳ ಆಳದವರೆಗೆ ಅದಿರನ್ನು ಅಗೆದಿದ್ದರು. 1915ರಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಬೆಳಕಿಗೆ ತಂದ ಬೀಡನ್ ಎಂಬಾತನೂ ಚಿನ್ನದ ಗಣಿಯ ಇಂಜಿನಿಯರನೇ. ಆದರೆ ಶಾಸನಕ್ಕೆ ಸಂದ ಗಮನವು ಅದಿರಿನಿಂದ ಚಿನ್ನವನ್ನು ಬೇರ್ಪಡಿಸುವ ವಿದ್ಯೆಯ ಚರಿತ್ರೆಗೆ ನಮ್ಮಲ್ಲಿ ಸಂದಿಲ್ಲ.

1887ರಲ್ಲಿ ಗ್ಲಾಸ್ಗೋ ನಗರದಲ್ಲಿ ಮ್ಯಾಕ್‌ಆರ್ಥರನೂ ಫಾರೆಸ್ಟ್ ಸೋದರರೂ ಸಯನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸುವ ವಿಧಾನವನ್ನು ರೂಪಿಸಿದರು. ಕರಗಿದ ಚಿನ್ನವನ್ನು ಮರಳಿ ಪಡೆಯಲು ಸತುವನ್ನು ಬಳಸುವುದು ರೂಢಿಯಾಯಿತು. ಇದಕ್ಕೆ ಕೆಸರನ್ನು ಸೋಸಿ ತಿಳಿಯಾದ ದ್ರಾವಣವನ್ನು ಪಡೆಯಬೇಕು. ನುಣ್ಣನೆಯ ಜೇಡಿಯುಳ್ಳ ಅದಿರಿನಲ್ಲಿ ಇದು ಬಹು ಪ್ರಯಾಸದ ಕೆಲಸ. ಇದ್ದಿಲು ತನ್ನ ಅಸಂಖ್ಯ ರಂಧ್ರಗಳ ಮೈಮೇಲೆ ಚಿನ್ನವನ್ನು ಹಿಡಿದಿಡಬಲ್ಲುದು, ಅಂದರೆ ಅಧಿಶೋಷಿಸಬಲ್ಲುದು ಎಂಬುದೂ ಅಜ್ಞಾತವಾಗಿರಲಿಲ್ಲ. ಸಯನೈಡ್ ದ್ರಾವಣಕ್ಕೆ ಇದ್ದಿಲನ್ನು ಬಳಸುವ ಪೇಟೆಂಟು 1894ರಷ್ಟು ಹಿಂದೆಯೇ ಆಗಿತ್ತು. ಹಾಗಿದ್ದೂ ಅದು ಅರ್ಧ ಶತಮಾನಕ್ಕೂ ಮಿಕ್ಕಿ ಕಾಯಬೇಕಾಯಿತೇಕೆ? ಹಿಡಿದ ಚಿನ್ನವನ್ನು ಇದ್ದಿಲು ಬಿಟ್ಟುಕೊಡುತ್ತಿರಲಿಲ್ಲ. ಇದ್ದಿಲನ್ನೇ ಸುಟ್ಟು ಬೂದಿಯಿಂದ ಚಿನ್ನವನ್ನು ತೆಗೆಯಬೇಕಾಗಿತ್ತು. ಪ್ರತಿ ಸಲವೂ ಹೊಸ ಇದ್ದಿಲು ಬೇಕು. ನಮ್ಮ ಪಠ್ಯಪುಸ್ತಕಗಳು ಅಧಿಶೋಷಣೆಯ ಲಕ್ಷಣವನ್ನು ಹೇಳಿ ಅಲ್ಲಿಗೇ ನಿಲ್ಲುತ್ತವೆ. ಕೈಗಾರಿಕೆಯ ಕಷ್ಟ ಆರಂಭವಾಗುವುದು ಅಲ್ಲಿಂದಲೇ.

ಈ ತೊಡಕನ್ನು ಬಿಡಿಸಿದವನು ಅಮೆರಿಕದ ಗಣಿ ಬ್ಯೂರೋದ ಝಾಡ್ರಾ. 1950ರ ದಶಕದ ಆದಿಯಲ್ಲಿ ಆತನೂ ಆತನ ಸಂಗಡಿಗರೂ ಕುದಿಬಿಂದುವಿಗೆ ಸಮೀಪದ ಉಷ್ಣತೆಯಲ್ಲಿ ದಾಹಕ ಸೋಡ ಮತ್ತು ಸಯನೈಡುಗಳ ದುರ್ಬಲ ದ್ರಾವಣವನ್ನು ಹಾಯಿಸಿ, ಇದ್ದಿಲನ್ನು ಕೆಡಿಸದೆಯೇ ಚಿನ್ನವನ್ನು ಬಿಡಿಸಿದರು. ಆ ದ್ರಾವಣದಿಂದ ವಿದ್ಯುತ್ತಿನ ಮೂಲಕ ಚಿನ್ನವನ್ನು ಪಡೆಯಬಹುದು. 1973ರಲ್ಲಿ ದಕ್ಷಿಣ ಡಕೋಟದ ಹೋಮ್‌ಸ್ಟೇಕ್ ಗಣಿಯು ಇದನ್ನು ಬೃಹತ್ಪ್ರಮಾಣದಲ್ಲಿ ಕೈಗೊಂಡ ಮೇಲೆ ವಿಧಾನವು ಜಗತ್ತಿನಾದ್ಯಂತ ಹರಡಿತು. 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿಯೆಂದು ಸ್ಥಾಪಿತವಾದ ಹಟ್ಟಿಯ ಸಂಸ್ಥೆಯೂ ಕಾಲಕ್ರಮದಲ್ಲಿ ಇದನ್ನೇ ಅವಲಂಬಿಸಿತು.

ಈ ವಿಧಾನದಲ್ಲಿ ಸೋಸುವ ಗೋಜಿಲ್ಲ. ಇದ್ದಿಲಿನ ಹರಳುಗಳನ್ನು ಕೆಸರಿನಲ್ಲಿಯೇ ಬೆರೆಸುತ್ತಾರೆ. ಕೆಸರು ಒಂದು ತೊಟ್ಟಿಯಿಂದ ಮುಂದಿನದಕ್ಕೆ ಹರಿದರೆ, ಜರಡಿಗಳಲ್ಲಿ ತಡೆದ ಇದ್ದಿಲು ಅದಕ್ಕೆ ಎದುರಾಗಿ ಸಾಗುತ್ತದೆ. ಚಿನ್ನವನ್ನು ತೊಳೆದ ಮಾತ್ರಕ್ಕೆ ಅದು ಮೊದಲಿನಂತಾಗದು. ರಂಧ್ರಗಳಲ್ಲಿ ಕಟ್ಟಿಕೊಂಡ ಸುಣ್ಣವನ್ನು ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದಿಂದ ಕರಗಿಸಬೇಕು. ಎಣ್ಣೆ ಮೊದಲಾದ ಸಾವಯವ ಕಲ್ಮಷಗಳನ್ನು ಕಳೆಯಲು ಸುಮಾರು 650ರಿಂದ 750 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ಕುಲುಮೆಯಲ್ಲಿ, ಹಬೆಯ ಸಾನ್ನಿಧ್ಯದಲ್ಲಿ ಕಾಯಿಸಬೇಕು. ಗಾಳಿ ಒಳನುಗ್ಗಿದರೆ ಇದ್ದಿಲೇ ಉರಿದುಹೋದೀತು.

ಪ್ರತಿ ಆವೃತ್ತಿಯಲ್ಲಿಯೂ ಹರಳುಗಳ ಅಂಚು ಸವೆಯುತ್ತದೆ. ಆ ಪುಡಿಯು ಜರಡಿಯಲ್ಲಿ ನುಸುಳಿ, ತಾನು ಹಿಡಿದ ಚಿನ್ನದೊಡನೆ ತ್ಯಾಜ್ಯದ ಪಾಲಾಗುತ್ತದೆ. ಮೆದುವಾದ ಕಟ್ಟಿಗೆಯ ಇದ್ದಿಲನ್ನು ಬಿಟ್ಟು ತೆಂಗಿನ ಚಿಪ್ಪಿನ ಗಟ್ಟಿ ಇದ್ದಿಲನ್ನು ಚಿನ್ನದ ಕಾರ್ಖಾನೆಗಳು ಆರಿಸಿಕೊಂಡುದು ಈ ಕಾರಣದಿಂದ.