ಸಾಕ್ಷಿಯಾದ ಚಲಚ್ಚಿತ್ರ

ಆಂಗ್ಲರು ‘ಡಾಕ್ಯುಮೆಂಟರಿ’ ಎಂದು ಕರೆಯುವ ಚಲಚ್ಚಿತ್ರಕ್ಕೆ ಕನ್ನಡದಲ್ಲಿ ನಾವು ‘ಸಾಕ್ಷ್ಯಚಿತ್ರ’ ಎನ್ನುತ್ತೇವೆ. ಸಾಕ್ಷಿ ಎಂದರೆ ಕಣ್ಣಾರೆ ಕಂಡವನು. ಸಾಕ್ಷ್ಯ ಎಂದರೆ ಅವನು ನುಡಿಯುವ ಮಾತು. ಈ ಹೆಸರು ಅಕ್ಷರಶಃ ಸಾರ್ಥಕವಾದ ಸಂದರ್ಭವೊಂದು ಇತಿಹಾಸದಲ್ಲಿ ಒದಗಿಬಂದಿತು. ಜನರನ್ನು ನಗಿಸುವ ಚಿತ್ರಗಳಿಂದ ಹೆಸರು ಗಳಿಸಿದ್ದ ಅಮೆರಿಕದ ನಿರ್ದೇಶಕ ಜಾರ್ಜ್ ಸ್ಟೀವನ್ಸ್ ಅದಕ್ಕೆ ಮುಖ್ಯ ನಿಮಿತ್ತರಾದರು.

ಸ್ಟೀವನ್ಸ್ ಹುಟ್ಟಿದ್ದು 1904ರಲ್ಲಿ, ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ನಗರದಲ್ಲಿ. ತಂದೆ ತಾಯಿ ಇಬ್ಬರೂ ರಂಗಭೂಮಿಯ ಕಲಾವಿದರು. ಎಳೆಯ ವಯಸ್ಸಿನಲ್ಲಿಯೇ ಚಿತ್ರೋದ್ಯಮವನ್ನು ಸೇರಿದ ಅವರು ಲಾರೆಲ್ ಮತ್ತು ಹಾರ್ಡಿ ಜೋಡಿಯ ಹಾಸ್ಯಚಿತ್ರಗಳಿಗೆ ಛಾಯಾಗ್ರಾಹಕರಾಗಿ ದುಡಿದರು. ಮುಂದೆ ನಿರ್ದೇಶಕರಾಗಿ 1936ರಲ್ಲಿ ‘ಸ್ವಿಂಗ್ ಟೈಮ್’ ಎಂಬ ನೃತ್ಯಪ್ರಧಾನ ಚಿತ್ರವನ್ನೂ, 1943ರಲ್ಲಿ ‘ದಿ ಮೋರ್ ದಿ ಮೆರಿಯರ್’ ಎಂಬ ವಿನೋದ ಚಿತ್ರವನ್ನೂ ಕೊಟ್ಟರು. ನಡುವೆ 1939ರಲ್ಲಿ ಬಂದ ‘ಗುಂಗಾ ದಿನ್’ ನಮ್ಮ ದೇಶಕ್ಕೆ ಸಂಬಂಧಿಸಿದ್ದು. ವಾಯವ್ಯ ಗಡಿನಾಡಿನ ಕಥೆಯಾದರೂ ತೆರೆಯ ಮೇಲೆ ಕಾಣುವ ಬೆಟ್ಟಗಳು ಕ್ಯಾಲಿಫೋರ್ನಿಯಾದವು. ಬ್ರಿಟಿಷ್ ಸಿಪಾಯಿಗಳಿಗೆ ನೀರು ಹೊರುವ ಭಾರತೀಯನು ಅವರಿಗಾಗಿ ಪ್ರಾಣ ಕೊಡುವುದೇ ಅಲ್ಲಿ ಆದರ್ಶ. ಭಾರತೀಯರು ಆ ಚಿತ್ರವನ್ನು ವಿರೋಧಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನಾವು ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ಅಲ್ಲಿ ಯುದ್ಧವು ಒಂದು ಉಲ್ಲಾಸದ ಆಟವಾಗಿದೆ.

ಆ ಭಾವನೆ ಬಹುಕಾಲ ಉಳಿಯಲಿಲ್ಲ. ನಾಜಿ ಪಕ್ಷವು 1934ರಲ್ಲಿ ನ್ಯೂರೆಂಬರ್ಗ್ ನಗರದಲ್ಲಿ ನಡೆಸಿದ ಮಹಾಸಮಾವೇಶವನ್ನು ಲೆನಿ ರೀಫೆನ್‌ಸ್ಟಾಲ್ ಎಂಬಾಕೆ ಚಿತ್ರಿಸಿದ್ದಳು. ‘ಟ್ರಯಂಫ್ ಆಫ್ ದಿ ವಿಲ್’ ಎಂಬ ಆ ಚಿತ್ರವನ್ನು ಕಂಡ ಸ್ಟೀವನ್ಸರ ಮನಸ್ಸು ಕದಡಿತು. ಚಿತ್ರಕಲೆಯ ಸಮಸ್ತ ಸೌಂದರ್ಯವೂ ಅಧರ್ಮದ ಸೇವೆಗೆ ನಿಂತದ್ದನ್ನು ಅವರು ಕಂಡರು. 1943ರಲ್ಲಿ ಹಾಲಿವುಡ್ಡಿನ ವೈಭವವನ್ನು ಬಿಟ್ಟು ಸೈನ್ಯವನ್ನು ಸೇರಿದರು. ಯುದ್ಧವನ್ನು ಚಿತ್ರೀಕರಿಸುವ ವಿಶೇಷ ದಳವೊಂದಕ್ಕೆ ನಾಯಕರಾಗಿ 1944ರ ಜೂನ್ ತಿಂಗಳಿನಲ್ಲಿ ನಾರ್ಮಂಡಿಯ ದಂಡೆಗೆ ಇಳಿದರು. ಆಗಸ್ಟಿನಲ್ಲಿ ಪ್ಯಾರಿಸ್ ನಗರದ ವಿಮೋಚನೆಯನ್ನು ಚಿತ್ರಿಸಿದರು.

1945ರ ಏಪ್ರಿಲ್ 29ರಂದು ಅಮೆರಿಕದ ಸೇನೆ ಡಾಖೌ ಬಂದೀಶಿಬಿರವನ್ನು ಬಿಡಿಸಿತು. ಸ್ಟೀವನ್ಸರ ದಳ ಅಲ್ಲಿಗೆ ಹೋದಾಗ ಕಂಡದ್ದು ರೈಲು ಡಬ್ಬಿಗಳಲ್ಲಿ ರಾಶಿಬಿದ್ದ ಹೆಣಗಳು, ಜೀವವಿದ್ದೂ ಎಲುಬಿನ ಹಂದರವಾಗಿದ್ದ ಮನುಷ್ಯರು. ದೃಶ್ಯವನ್ನು ಅಂದಗೊಳಿಸುವ ವಿದ್ಯೆಗೆ ಅಲ್ಲಿ ಕೆಲಸವಿರಲಿಲ್ಲ. ಇದ್ದುದನ್ನು ಇದ್ದಂತೆ ದಾಖಲಿಸುವುದಷ್ಟೇ ಉಳಿದ ಕರ್ತವ್ಯವಾಗಿತ್ತು.

ಅದೇ ವರ್ಷ ನವೆಂಬರ್ 29ರಂದು ನ್ಯೂರೆಂಬರ್ಗಿನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದೀಪಗಳನ್ನು ಆರಿಸಿ ಸುಮಾರು ಒಂದು ಗಂಟೆಯ ಚಿತ್ರವನ್ನು ತೋರಿಸಲಾಯಿತು. ಅಮೆರಿಕ ಮತ್ತು ಬ್ರಿಟನ್ನಿನ ಸೈನಿಕ ಛಾಯಾಗ್ರಾಹಕರು ಹಲವು ಶಿಬಿರಗಳಲ್ಲಿ ತೆಗೆದ ದೃಶ್ಯಗಳು ಅದರಲ್ಲಿದ್ದವು. ಗೋರಿಂಗ್ ಮೊದಲಾದ ಆರೋಪಿಗಳ ಮುಖಭಾವ ಕಾಣುವಂತೆ ಅವರ ಆಸನಗಳ ಬಳಿ ಮಾತ್ರ ಬೆಳಕಿತ್ತು. ಕೆಲವರು ಮುಖ ತಿರುಗಿಸಿದರು. ಯಾವ ನಗರದಲ್ಲಿ ಚಲಚ್ಚಿತ್ರವು ಹಿಟ್ಲರನನ್ನು ದೇವರಾಗಿಸಿತ್ತೋ ಅದೇ ನಗರದಲ್ಲಿ ಚಲಚ್ಚಿತ್ರವೇ ಅವನ ಅನುಚರರ ವಿರುದ್ಧ ಸಾಕ್ಷಿ ನುಡಿಯಿತು.

ಆ ಚಿತ್ರದ ಆರಂಭದಲ್ಲಿ ಎರಡು ಪ್ರಮಾಣಪತ್ರಗಳಿವೆ. ಈ ದೃಶ್ಯಗಳನ್ನು ಯಾವ ರೀತಿಯಲ್ಲಿಯೂ ತಿದ್ದಿಲ್ಲ ಎಂಬುದಕ್ಕೆ ಸ್ಟೀವನ್ಸರ ಪ್ರಮಾಣವು ಒಂದು. 80,000 ಅಡಿಗಳಷ್ಟು ಸುರುಳಿಯಿಂದ 6,000 ಅಡಿಗಳನ್ನು ಆರಿಸಲಾಗಿದೆ, ಉಳಿದದ್ದೂ ಇಂಥದೇ ಎಂದು ನೌಕಾಪಡೆಯ ಚಿತ್ರತಜ್ಞರಾದ ಕೆಲಾಗ್ ಎಂಬ ಅಧಿಕಾರಿ ದೃಢಪಡಿಸಿದ್ದು ಇನ್ನೊಂದು. ಇತಿಹಾಸದ ಅಭ್ಯಾಸಿಗೆ ಇದು ಬಹು ಮುಖ್ಯವೆಂದು ನಾನು ತಿಳಿಯುತ್ತೇನೆ. ತಾಮ್ರಪಟವೊಂದು ಕೈಗೆ ಬಂದರೆ ನಾವು ಲಿಪಿ, ಭಾಷೆ, ಕಾಲನಿರ್ದೇಶಗಳನ್ನು ಒಂದಕ್ಕೊಂದು ತಾಳೆ ನೋಡುತ್ತೇವೆ; ಹೊಂದದಿದ್ದರೆ ಕೂಟಶಾಸನವೆಂದು ಬದಿಗಿಡುತ್ತೇವೆ. ಲೋಹದ ಮೇಲೆ ಕೊರೆದ ಮಾತ್ರಕ್ಕೆ ಮಾತು ಸತ್ಯವಾಗದು. ಹಾಗೆಯೇ ಕ್ಯಾಮೆರಾದಲ್ಲಿ ಮೂಡಿದ ಮಾತ್ರಕ್ಕೆ ಚಿತ್ರವೂ ಪ್ರಮಾಣವಾಗದು. ಆಯ್ಕೆ ಅನಿವಾರ್ಯ, ಆಯ್ದವರು ಯಾರು, ಎಷ್ಟರಲ್ಲಿ ಎಷ್ಟನ್ನು ಆಯ್ದರು ಎಂಬುದನ್ನು ಹೆಸರು ಹೇಳಿ, ಸಹಿ ಹಾಕಿ ಒಪ್ಪಿಕೊಳ್ಳುವ ಹೊಣೆಗಾರಿಕೆ ಬೇಕು.

ಯುದ್ಧಾನಂತರ ಸ್ಟೀವನ್ಸ್ ಕಥಾಚಿತ್ರಗಳಿಗೆ ಮರಳಿದರೂ ಹಳೆಯ ಬಗೆಯ ಹಾಸ್ಯಕ್ಕೆ ಮರಳಲಿಲ್ಲ. 1953ರ ‘ಶೇನ್’ ಚಿತ್ರದಲ್ಲಿ ಗುಂಡು ತಗುಲಿದ ಮನುಷ್ಯ ಹಿಂದಕ್ಕೆ ಎಸೆದಂತೆ ಕೆಸರಿನಲ್ಲಿ ಬೀಳುತ್ತಾನೆ. ಗುಂಡಿನ ಸದ್ದು ಸಿಡಿಲಿನಂತೆ ಎರಗುತ್ತದೆ. ‘ಗುಂಗಾ ದಿನ್’ ಚಿತ್ರದ ಆಟ ಅಲ್ಲಿಲ್ಲ. 1959ರಲ್ಲಿ ಅವರು ಆನ್ ಫ್ರಾಂಕ್ ಎಂಬ ಬಾಲಕಿಯ ದಿನಚರಿಯನ್ನು ತೆರೆಗೆ ತಂದರು. 1975ರಲ್ಲಿ ಅವರು ತೀರಿಕೊಂಡ ಮೇಲೆ, ಯುದ್ಧಕಾಲದಲ್ಲಿ ತಮಗಾಗಿ ತೆಗೆದಿರಿಸಿದ್ದ ವರ್ಣಸುರುಳಿಗಳನ್ನು ಮಗ ಹೊರತೆಗೆದು ಜಗತ್ತಿಗೆ ತೋರಿಸಿದರು.

ಇಂದು ಗಣಕಯಂತ್ರವು ನಡೆಯದ ಘಟನೆಯನ್ನೂ ನಡೆದಂತೆ ಚಿತ್ರಿಸಬಲ್ಲದು. ನಡೆದುದನ್ನು ನಡೆದೇ ಇಲ್ಲವೆಂದು ವಾದಿಸುವವರೂ ಇದ್ದಾರೆ. ಇಂಥ ಕಾಲದಲ್ಲಿ ಚಿತ್ರವೊಂದು ಎದುರಿಗೆ ಬಂದಾಗ, ಇದನ್ನು ಕಂಡವರು ಯಾರು, ಇದಕ್ಕೆ ಸಹಿ ಹಾಕಿದವರು ಯಾರು ಎಂಬ ಪ್ರಶ್ನೆಯನ್ನು ನಾವು ಕೇಳಲೇಬೇಕು. ಆ ಪ್ರಶ್ನೆಗೆ ಉತ್ತರವಿದ್ದಾಗಲೇ ಸಾಕ್ಷ್ಯಚಿತ್ರವೆಂಬ ನಮ್ಮ ಮಾತಿಗೆ ಬೆಲೆ.